ಮೊಮ್ಮಗನಿಗೆ ಬೇಡವಾದ ಹೆಸರು

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಹಿರಿಯ ಮಗನ ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡುವುದು ರೂಢಿ. ಹಾಗಾಗಿ ಗಲ್ಫಿನ ಸೀಬಿನಲ್ಲಿರುವ ಹಿರಿಯ ಮಗನಿಗೆ ಗಂಡು ಹುಟ್ಟಿದಾಗ ಹೆಸರೇನೆಂದು ನಾನು ಕೇಳಲೇ ಇಲ್ಲ. ಕೇಳುವುದೇನು, ನನ್ನದೇ ಹೆಸರು, ವಿಲ್ಫ್ರೆಡ್! ಊರಿಗೆಲ್ಲ ಸಾರಿಬಿಟ್ಟಿದ್ದೆ. ತೆಂಗಿನಕಾಯಿ ಕೊಯ್ಯಲು ಬರುವವನೂ, ತುಳುವಿನಲ್ಲಿ ನಮ್ಮವರನ್ನು ಗೌರವದಿಂದ ಕರೆಯುವಂತೆ, 'ವಿಲ್ಲಿ ಪೊರ್ಬುಲೇ, ಇನ್ನು ನೀವು ಇಬ್ಬರಾದಿರಿ' ಎಂದು ನಕ್ಕಿದ್ದ.

ನನ್ನ ಪ್ರಾಯದವರಲ್ಲಿ ಪ್ರತಿ ಚರ್ಚಿಗೂ ಒಬ್ಬಿಬ್ಬರು ವಿಲ್ಫ್ರೆಡ್ ಸಿಗುತ್ತಾರೆ. ಈಗ ಯಾರೂ ಇಡುವುದಿಲ್ಲ. ಹಳೆಯ ಇಂಗ್ಲಿಷ್ ಮೂಲದ ಹೆಸರು, ಶಾಂತಿ ಬಯಸುವವನು ಎಂದು ಅರ್ಥ. ನಮ್ಮ ಪಾದ್ರಿಗಳನ್ನು ಕೇಳಿ ತಿಳಿದುಕೊಂಡಿದ್ದೆ. ಜ್ಞಾನಸ್ನಾನದ ಊಟಕ್ಕೆ ಮುಂಚೆ ಹಿರಿಯರೊಬ್ಬರು ಗ್ಲಾಸು ಹಿಡಿದು ಎದ್ದು ಮಗುವಿಗೆ ಶುಭ ಕೋರಬೇಕಲ್ಲ, ಆ ಟೋಸ್ಟಿಗೆ ಬೇಕಾಗುತ್ತದೆಂದು ಅಲ್ಲಿಗೆ ಹೋಗುವಾಗ ವಿಮಾನದಲ್ಲಿ ಬಾಯಿಪಾಠವನ್ನೂ ಮಾಡಿದೆ.

ಜ್ಞಾನಸ್ನಾನದ ದಿನ ಅಲ್ಲಿಯ ಚರ್ಚಿನಲ್ಲಿ ಪಾದ್ರಿಗಳು ಮಗುವಿಗೆ ಯಾವ ಹೆಸರು ಎಂದು ಕೇಳಿದರು. ಮಗ, ಸೊಸೆ ಒಟ್ಟಿಗೆ ಬೇರೆಯೇ ಹೆಸರು ಹೇಳಿದರು. ಪಕ್ಕದಲ್ಲಿದ್ದ ಬೀಗರು ನನ್ನ ಮುಖ ನೋಡಿ ತಕ್ಷಣ ತಲೆ ತಗ್ಗಿಸಿದರು. ಅವರಿಗೆ ಮೊದಲೇ ಗೊತ್ತಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಊರಿಗೆ ಯಾವ ಮುಖ ಹೊತ್ತು ಹೋಗಲಿ ಎಂಬುದೊಂದೇ ಆಗಿನ ಚಿಂತೆ.

ಫ್ಲಾಟಿನಲ್ಲಿ ನೆಂಟರು ಸೇರಿದರು. ಕೋಳಿ ಸುಕ್ಕ ಮೇಜಿಗೆ ಬಂತು. ಟೋಸ್ಟ್ ನೀವೇ ಮಾಡಿ ಎಂದರು. ಎದ್ದೆ. 'ನನ್ನ ಹೆಸರಿನ ಅರ್ಥ ಶಾಂತಿ ಬಯಸುವವನು' ಎನ್ನುವಷ್ಟರಲ್ಲೇ ಸಿಟ್ಟು ನೆತ್ತಿಗೇರಿತು. 'ಈ ಮನೆಗೆ ಅದು ಬೇಡವಂತೆ!' ಎಂದು ಗ್ಲಾಸನ್ನು ಕುಕ್ಕಿದೆ. ಜ್ಯೂಸೆಲ್ಲ ಮೇಜಿನ ಮೇಲೆ ಚೆಲ್ಲಿತು. ಯಾರೂ ಬೆಚ್ಚಲಿಲ್ಲ. ಇದಕ್ಕೇ ಕಾದಿದ್ದವರಂತೆ ಎಲ್ಲರೂ ತಟ್ಟೆ ನೋಡುತ್ತಿದ್ದರು. ಅದನ್ನು ಕಂಡಾಗ ಆದ ನಾಚಿಕೆಯ ಮುಂದೆ ಚರ್ಚಿನದ್ದು ಏನೂ ಅಲ್ಲ.

ಮಗ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದ.

'ಪಪ್ಪಾ, ನೀವು ಬೊಬ್ಬೆ ಹಾಕ್ತೀರಂತ ಮೊದಲೇ ಹೇಳ್ಲಿಲ್ಲ.'

'ಆ ಹೆಸರಿಗೆ ಏನು ಕಮ್ಮಿ ಆಗಿದೆ?'

'ಹೆಸರು ಒಳ್ಳೇದೇ. ಆದ್ರೆ ಮಮ್ಮಿ ಇರುವಾಗ ನಮ್ಮ ಮನೆಯಲ್ಲಿ ಅದು ಕೇಳ್ತಾ ಇದ್ದದ್ದು ಒಂದೇ ತರ. "ವಿಲ್ಲೀ, ಸಾಕು, ಮಕ್ಕಳು ಹೆದರ್ತಾರೆ." ನನ್ನ ಮಗುವನ್ನು ಆ ಹೆಸರಲ್ಲಿ ಹೇಗೆ ಕರೀಲಿ ಪಪ್ಪಾ?'

ಸುಳ್ಳು ಎಂದು ಗದರಲು ಬಾಯಿ ತೆರೆದೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಮಗುವಿನ ಕಿವಿಗೆ ಕೈ ಅಡ್ಡ ಹಿಡಿದಳು.