ಕರಿ ಅದಿರಿನ ಅಮಲು

ನನ್ನ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮಿರಜದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞನಾಗಿದ್ದೆ. ಒಂದು ಬೆಳಗಿನ ಓಪಿಡಿಗೆ ಹತ್ತಿರದ ಆರಗ ಹಳ್ಳಿಯ ಭೂಪಾಲ ಎಂಬ ಮೂವತ್ತೈದರ ಜೈನ ಯುವಕನನ್ನು ಅವನ ಹೆಂಡತಿ ಪದ್ಮಾ ಮತ್ತು ಮಾವ ಕರೆತಂದರು. ಕರೆತಂದರು ಎನ್ನುವುದಕ್ಕಿಂತ ನೂಕಿಕೊಂಡು ಬಂದರು ಎನ್ನಬೇಕು.

"ಡಾಕ್ಟರ್ ಸಾಹೇಬ್ರ, ಇಂವಾ ಕುಡೀತಾನ," ಅಂದರು ಮಾವ. "ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ತಿನ್ನಂಗಿಲ್ಲ. ತನ್ನ ಅಪ್ಪನ ಚಿತೆ ಮುಂದ ನಿಂತು ನಕ್ಕಾನ್ರಿ, ನಕ್ಕಾನ! ಕುಡದಾನ ಅಂತ ನೀವೊಂದ ಮಾತು ಹೇಳ್ರಿ, ಮಗಳನ್ನ ಇವತ್ತ ನಮ್ಮೂರು ಸಲಗರೆಗೆ ಕರಕೊಂಡ ಹೊಕ್ಕೇನಿ."

ನನಗೆ ಸಿಟ್ಟು ನೆತ್ತಿಗೇರಿತು. "ತೀರ್ಪು ನೀವ ಕೊಟ್ಟ ಬಿಟ್ಟೀರಿ, ನಾ ಹೂಂ ಅನ್ನೂದೊಂದ ಬಾಕಿ ಏನು? ಸುಮ್ನ ಕುಂದ್ರಿ!" ಎಂದೆ.

ಭೂಪಾಲನ ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ. ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ಕಣ್ಣು ಮಿಟುಕಿಸುವುದೂ ಅಪರೂಪ. ಹಿಮ್ಮಡಿ ಊರದೆ, ಹುಂಜದ ಹಾಗೆ ತುದಿಗಾಲಲ್ಲಿ ನಡೆದ. ಹಿಂದಕ್ಕೆ ನಡೆ ಎಂದೆ. ಎರಡನೇ ಹೆಜ್ಜೆಗೇ ವಾಲಿ ಬಿದ್ದವನನ್ನು ಹಿಡಿದುಕೊಂಡೆ. ಆಗಲೂ ನಕ್ಕ. ಎಷ್ಟೋ ರೋಗಿಗಳನ್ನು ನೋಡಿದ ನನಗೂ ಆ ನಗುವಿಗೆ ಹೆದರಿಕೆಯಾಯಿತು.

ಏನು ಕೆಲಸ ಎಂದು ಕೇಳಿದೆ. "ಕರಿಕಲ್ಲಿನ ಗಿರಣಿ," ಎಂದು ತೊದಲಿದ. ಉಳಿದದ್ದನ್ನು ಪದ್ಮಾ ಹೇಳಿದಳು. ಮುಚ್ಚಿಹೋದ ಗಣಿಯೊಂದರ ಬಳಿ ಬಿದ್ದಿದ್ದ ಹಳೆಯ ಅದಿರನ್ನು ಲಾರಿಯಲ್ಲಿ ತರಿಸಿ, ಕಿಟಕಿಯಿಲ್ಲದ ತಗಡಿನ ಶೆಡ್ಡಿನಲ್ಲಿ ಪುಡಿ ಮಾಡಿ, ಬ್ಯಾಟರಿ ಮಾಡುವವರಿಗೆ ಮಾರುತ್ತಿದ್ದರು. ನಾಲ್ಕು ವರ್ಷದಿಂದ ಇವನು ಅಲ್ಲೇ.

"ಉಗುಳಿದ್ರೂ ಕರ್ರಗ ಬರತಿತ್ರಿ," ಎಂದಳು.

ಆ ಅದಿರಿನ ಹೆಸರು ಪೈರೊಲುಸೈಟ್, ಅಂದರೆ ಮ್ಯಾಂಗನೀಸ್ ಡೈಆಕ್ಸೈಡ್. ಅದರ ಧೂಳು ಉಸಿರಿನೊಂದಿಗೆ ಒಳಹೊಕ್ಕು, ವರ್ಷಗಟ್ಟಲೆ ಮಿದುಳಿನಲ್ಲಿ ಸೇರುತ್ತ, ಚಲನೆಯನ್ನು ನಿಯಂತ್ರಿಸುವ ಭಾಗವನ್ನು ಹಾಳು ಮಾಡುತ್ತದೆ. ಮಧ್ಯಾಹ್ನದ ಎಂಆರ್‌ಐಯಲ್ಲಿ ಆ ಭಾಗ ಎರಡೂ ಬದಿಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಇಂವಾ ಒಂದ ಹನಿ ಕುಡದಿಲ್ಲ," ಎಂದೆ. "ಆ ನಗೂನೂ ಇವಂದಲ್ಲ, ರೋಗದ್ದು."

ಮಾವ ಅಳಿಯನ ಕೈ ಹಿಡಿದು ಗಳಗಳನೆ ಅತ್ತರು. "ತಪ್ಪಾತಪಾ, ತಪ್ಪಾತು! ಕುಡದಿಲ್ಲ ಅಂದಮ್ಯಾಲ ಇನ್ನೇನ ಚಿಂತಿ? ಆರಾಮ ಆಕ್ಕಾನ!"

ಉಳಿದದ್ದನ್ನೂ ಹೇಳಲೇಬೇಕಾಯಿತು. ಗಿರಣಿಯನ್ನು ಇಂದೇ ಬಿಡಬೇಕು. ಔಷಧ ಕೊಡುತ್ತೇನೆ, ಅದು ಹೆಚ್ಚು ನಾಟುವುದಿಲ್ಲ. ಧೂಳಿನಿಂದ ದೂರವಾದ ಮೇಲೂ ರೋಗ ಮುಂದುವರಿಯಬಹುದು.

ತೂರಾಡುತ್ತ ಬಂದವರನ್ನು ಅಂದಿನಿಂದ ನಾನು ಮೊದಲು ಕೇಳುತ್ತಿದ್ದುದು ಅವರ ಕೆಲಸದ ಬಗ್ಗೆ. ಆದರೆ ದೊಡ್ಡ ಪಾಠ ಬೇರೆ. ಆ ಹೊತ್ತಿನಲ್ಲಿ ನಾನು, ಕಳಂಕ ತೊಳೆದೆ, ಸಂಸಾರ ಉಳಿಸಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಪದ್ಮಾ ಸೆರಗಿನಿಂದ ಗಂಡನ ಜೊಲ್ಲು ಒರೆಸಿ ನನ್ನತ್ತ ನೋಡಿದಳು.

"ಕುಡದಿದ್ರ ಛಲೋ ಇತ್ತಲ್ರಿ, ಸಾಹೇಬ್ರ," ಎಂದಳು. "ಅತ್ತು ಕರದು ಬಿಡಸ್ತಿದ್ದೆ."