ಹನ್ನೂನನ ನಾಲಿಗೆ ತೆಗೆದುಕೊಂಡ ಲಫ್ತಾ ಮೇಷ್ಟ್ರು

ಕವಿಗಳೆಂದರೆ ನನಗೆ ಅಷ್ಟಕ್ಕಷ್ಟೆ. ಇರಾಕಿನ ಅಮಾರಾ ಊರಿನ ಹೊಳೆದಂಡೆಯಲ್ಲಿ ಚಹಾದಂಗಡಿ ಇಟ್ಟವನು ನಾನು. ಶುಕ್ರವಾರ ಮಧ್ಯಾಹ್ನವಾದರೆ ಊರಿನ ಕವಿಗಳೆಲ್ಲ ನನ್ನ ಬೆಂಚುಗಳ ಮೇಲೇ ಬಂದು ಕೂರುತ್ತಾರೆ. ಒಂದೊಂದು ಲೋಟ ಒಣನಿಂಬೆ ಚಹಾ ಮುಂದಿಟ್ಟುಕೊಂಡು ಹೊತ್ತು ಮುಳುಗುವ ತನಕ ಗೋಳಾಡುತ್ತಾರೆ. ಅವರ ಪೈಕಿ ಲಫ್ತಾ ಮೇಷ್ಟ್ರ ಕಥೆಯನ್ನು ನಾನೇ ಹೇಳಬೇಕು. ಉಳಿದವರ ಬಾಯಿಗೆ ಬಿದ್ದರೆ ಅದನ್ನೂ ಪದ್ಯ ಮಾಡಿಬಿಡುತ್ತಾರೆ.

ಮೇಷ್ಟ್ರು ಜೌಗುಸೀಮೆಯವರು. ಜೊಂಡಿನ ಗುಡಿಸಲಲ್ಲಿ ಹುಟ್ಟಿ, ಎಮ್ಮೆ ಕಾಯ್ದು, ಓದಿ, ಹುಡುಗರ ಶಾಲೆಯಲ್ಲಿ ಅರಬ್ಬಿ ಕಲಿಸುವ ಹಂತಕ್ಕೆ ಬಂದವರು. ಜೌಗಿನವರ ಮಾತು ಕಿವಿಗೆ ಬಿದ್ದರೆ ಪೇಟೆಯವರು ಮೂಗು ಮುರಿಯುತ್ತಾರೆ. ಅದಕ್ಕೇ ಮೇಷ್ಟ್ರು ತಾಯಿಯ ಮಾತನ್ನು ಹೊಸ್ತಿಲಾಚೆ ಬಿಟ್ಟು, ಪುಸ್ತಕದ ಭಾಷೆಯನ್ನು ಗರಿಗರಿ ಅಂಗಿಯ ಹಾಗೆ ತೊಟ್ಟುಕೊಂಡಿದ್ದರು. ಪದ್ಯ ಬರೆದರೂ ಅದೇ. ದಿಗಂತ, ಅಗ್ನಿಪಕ್ಷಿ, ಶತಮಾನದ ಗಾಯ, 'ನಾನು ಯಾರೆಂಬ ನಿರುತ್ತರ ಪ್ರಶ್ನೆ'. ಕವಿಗಳು ಭಲೇ ಎನ್ನುತ್ತಿದ್ದರು.

"ಮೇಷ್ಟ್ರೇ, ಈ ಅಗ್ನಿಪಕ್ಷಿ ನಮ್ಮ ಕಡೆ ಬಲೆಗೆ ಬೀಳುತ್ತಾ? ಹುರಿದ್ರೆ ಹೆಂಗಿರುತ್ತೆ?" ಎಂದು ನಾನು ಕಾಲೆಳೆಯುತ್ತಿದ್ದೆ.

"ಜಾಸಿಬ್, ನಿಂಗ್ಯಾಕಪ್ಪ ಅದು? ಚಹಾ ಸೋಸು" ಎನ್ನುತ್ತಿದ್ದರು.

ಒಂದು ವಿಚಿತ್ರ ಅಭ್ಯಾಸ ಅವರಿಗಿತ್ತು. ಬೆನ್ನ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಬದಲಿಗೆ ಸರಸರ ಹೆಜ್ಜೆ ಹಾಕಿಬಿಡುತ್ತಿದ್ದರು. ಮೇಷ್ಟ್ರಿಗೆ ಕಿವುಡು ಎಂದರು ಕೆಲವರು, ಜಂಬ ಎಂದರು ಹಲವರು. ನಾನೂ ಜಂಬವೆಂದೇ ತಿಳಿದಿದ್ದೆ.

ಹನ್ನೂನ್ ಅವರ ಜೀವದ ಗೆಳೆಯ. ಒಂದೇ ದೋಣಿಯಲ್ಲಿ ಬೆಳೆದವರು. ಇರಾನಿನ ಮೇಲಿನ ಯುದ್ಧಕ್ಕೆ ಇಬ್ಬರನ್ನೂ ಒಟ್ಟಿಗೇ ಎಳೆದೊಯ್ದರು. ಕೆಳಗೆ ಕಡಲಂಚಿನ ಫಾವ್‌ನ ಉಪ್ಪುಕೆಸರಿನಲ್ಲಿ ಕಾದಾಟ ನಡೆದ ಮೇಲೆ ಲಫ್ತಾ ಒಬ್ಬರೇ ಹಿಂತಿರುಗಿದರು. "ಹೊಗೇಲಿ ಬೇರೆಯಾದ್ವಿ ಅತ್ತಿಗೆ, ನಾನು ನೋಡ್ಲಿಲ್ಲ" ಎಂದು ಹನ್ನೂನನ ಹೆಂಡತಿ ತಿಸ್ವಾಹಿನ್ ಮುಂದೆ ನಿಂತು ಹೇಳಿದರು. ಸರ್ಕಾರದವರು 'ಕಾಣೆಯಾಗಿದ್ದಾನೆ' ಎಂದರು. ಅಲ್ಲಿಗೆ ಅವಳು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ.

ತಿಸ್ವಾಹಿನ್ ಮನೆ ನನ್ನ ಅಂಗಡಿಯ ಎದುರಿಗೇ. ಸಾವಿನ ಮನೆಯಲ್ಲಿ ಹೆಂಗಸರನ್ನು ಅಳಿಸುವುದು ಅವಳ ಕಸುಬು. ಸತ್ತವನ ಬಗ್ಗೆ ನಾಲ್ಕು ಮಾತು ಕೇಳಿಕೊಂಡು, ನಡುವೆ ನಿಂತು, 'ನಾನು' ಎಂದು ಸತ್ತವನದೇ ಬಾಯಲ್ಲಿ ಹಾಡಲು ತೊಡಗಿದರೆ ಎದೆ ಬಡಿದುಕೊಳ್ಳದ ಹೆಂಗಸಿರಲಿಲ್ಲ. ಆ ಹಾಡಿಗೊಂದು ಕಟ್ಟಳೆ ಇದೆ. ಸತ್ತವರ ನಾಲಿಗೆಯನ್ನು ಮಾತ್ರ ತೆಗೆದುಕೊಳ್ಳಬೇಕು. ಬದುಕಿರುವವರ ಬಾಯಲ್ಲಿ ಹಾಡಿದರೆ ಅವರನ್ನು ಮಣ್ಣಿಗೆ ಕೊಟ್ಟ ಹಾಗೆ. ಊರಿನ ಹೆಣಗಳಿಗೆಲ್ಲ ದನಿ ಕೊಟ್ಟ ಅವಳು ಹನ್ನೂನನಿಗೆ ಒಂದು ಸಾಲನ್ನೂ ಹಾಡಲಿಲ್ಲ. ಕರಿ ಮುಸುಕಿನೊಳಗೆ ಕುಂಕುಮ ಬಣ್ಣದ ಉಡುಪನ್ನೇ ತೊಡುತ್ತಿದ್ದಳು. ಮರುಮದುವೆಯ ಮಾತೆತ್ತಿದವರಿಗೆ, "ಗಂಡ ಇರೋ ಹೆಂಗಸಿಗೆ ಇನ್ನೊಂದು ಗಂಡ ಹುಡುಕ್ತೀರಲ್ಲ, ನಾಚಿಕೆ ಆಗಲ್ವಾ?" ಎಂದು ಉಗಿದು ಕಳಿಸುತ್ತಿದ್ದಳು.

ಕಾಲ ಉರುಳಿತು. ಇರಾನಿನ ಸೆರೆಯಲ್ಲಿದ್ದ ಕೊನೆಯ ಗುಂಪೂ ಮನೆ ಸೇರಿತು. ಹನ್ನೂನ್ ಅದರಲ್ಲಿ ಇರಲಿಲ್ಲ. ಆಮೇಲೆ ಮೇಷ್ಟ್ರು ಬರೆಯುವುದನ್ನೇ ನಿಲ್ಲಿಸಿದರು. ಮೂಲೆಯ ಬೆಂಚಿನಲ್ಲಿ ಕೂತು, ಚಹಾ ಆರುವವರೆಗೂ ಎದುರುಮನೆಯ ಬಾಗಿಲನ್ನೇ ನೋಡುತ್ತಿದ್ದರು. ಮುಖ ದಿನೇ ದಿನೇ ಬತ್ತಿ ಹೋಯಿತು. ನನಗೂ ತಮಾಷೆ ಮಾಡಲು ಮನಸ್ಸು ಬರಲಿಲ್ಲ.

ಒಂದು ಶುಕ್ರವಾರ ಎದ್ದು ಮೈಕಿನ ಮುಂದೆ ನಿಂತರು. ಕವಿಗಳಿಗೆ ಮೈಕಿಲ್ಲದೆ ದುಃಖ ಬರುವುದಿಲ್ಲವಾದ್ದರಿಂದ ಅದರ ಬಾಯಿ ಬೀದಿಗೆ ತಿರುಗಿತ್ತು. ಅಂದು ದಿಗಂತ ಬರಲಿಲ್ಲ, ಅಗ್ನಿಪಕ್ಷಿಯೂ ಹಾರಲಿಲ್ಲ. ಜೌಗಿನ ಮಾತಿನಲ್ಲಿ, ಬಾಗಿಲಿಗೊರಗಿ ಹರಟುವವನ ದನಿಯಲ್ಲಿ ಓದಿದರು:

"ನಾನಿನ್ನೂ ಇಲ್ಲೇ ಬಿದ್ದೀನಿ ಕಣೇ, ಉಪ್ಪಿನ ಕೆಸರಲ್ಲಿ.
ಬಂದೆ ಇರೋ ಅಂದೋನು ನೀರಿನ ಬಾಟ್ಲಿ ಸಮೇತ ಓಡಿದ.
ಹೋಗ್ಲಿ ಬಿಡು, ಅವನಿಗೂ ತಾಯಿ ಇದ್ದಾಳೆ.
ನೀನು ಬಾಗಿಲು ಹಾಕ್ಕೊಂಡು ಮಲಕ್ಕೋ, ಚಳಿ ಬಂತು."

ಅದು ಹನ್ನೂನನೇ. ಹೊಳೆಯಲ್ಲಿ ಬಲೆ ಕಳೆದುಕೊಂಡರೂ, ಪಗಡೆಯಲ್ಲಿ ಸೋತರೂ 'ಹೋಗ್ಲಿ ಬಿಡು' ಎನ್ನುತ್ತಿದ್ದವನು ಅವನು. ಯಾರೂ ಭಲೇ ಎನ್ನಲಿಲ್ಲ.

ಎದುರುಮನೆಯ ಬಾಗಿಲು ತೆರೆಯಿತು. ಗಂಡಸರು ಕೂರುವ ಚಹಾದಂಗಡಿಯೊಳಗೆ ತಿಸ್ವಾಹಿನ್ ನೇರ ನಡೆದು ಬಂದಳು. ಅಂಥದ್ದು ನಮ್ಮ ಊರಲ್ಲಿ ನಡೆದದ್ದಿಲ್ಲ. ಒಬ್ಬೊಬ್ಬರೇ ಎದ್ದು ಗೋಡೆಗೆ ಸರಿದರು.

"ಅವನ ನಾಲಿಗೆ ನಿನಗ್ಯಾರು ಕೊಟ್ರು ಲಫ್ತಾ?"

ಮೇಷ್ಟ್ರು ಕಾಗದ ಮಡಿಚತೊಡಗಿದರು.

"ಬದುಕಿರೋನ ಬಾಯಲ್ಲಿ ಹಾಡ್ಬಾರ್ದು ಅಂತ ಜೌಗಲ್ಲಿ ಹುಟ್ಟಿದ ನಿನಗೆ ಗೊತ್ತಿಲ್ವಾ? ಗೊತ್ತಿದ್ದೂ ಹಾಡ್ದೆ ಅಂದ್ರೆ ನೀನು ಕಣ್ಣಾರೆ ನೋಡಿದ್ದೀಯ."

"ನೋಡ್ದೆ ಅತ್ತಿಗೆ. ಹೊಟ್ಟೆಗೆ ಪೆಟ್ಟು ಬಿದ್ದಿತ್ತು. ನೀರು ಕೇಳ್ದ. ಬಂದೆ ಇರೋ ಅಂದೆ. ಓಡಿದೆ. ಹೆದರಿಕೆ ಆಯ್ತು ಅತ್ತಿಗೆ, ಬೇರೇನೂ ಅಲ್ಲ."

ಸಿಡಿಯುತ್ತಾಳೆ ಎಂದುಕೊಂಡೆ. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದು, ಪಕ್ಕದ ಮನೆಯವಳನ್ನು ವಿಚಾರಿಸುವಷ್ಟು ಮೆಲ್ಲಗೆ ಕೇಳಿದಳು. "ಆ 'ಹೋಗ್ಲಿ ಬಿಡು' ಇದೆಯಲ್ಲ, ಅದು ಅವನಂದಿದ್ದಾ, ನೀನು ಬರ್ಕೊಂಡಿದ್ದಾ?"

ಮೇಷ್ಟ್ರು ಮೈಕನ್ನು ಪಕ್ಕಕ್ಕೆ ಸರಿಸಿದರು.

"ನಾನೇ ಬರ್ಕೊಂಡೆ. ಅವನು ನನ್ನ ಹೆಸರು ಕೂಗ್ತಿದ್ದ, ಅಷ್ಟೇ. ತುಂಬಾ ದೂರ ಕೇಳಿಸ್ತಾ ಇತ್ತು."

ಬೆನ್ನ ಹಿಂದಿನ ಕೂಗಿಗೆ ಅವರು ಯಾಕೆ ತಿರುಗುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಜಂಬವೆಂದು ಆಡಿಕೊಂಡ ನನ್ನ ಬಾಯಿಗಿಷ್ಟು ಬೂದಿ ಬೀಳಲಿ.

"ಅಂದ್ರೆ ಸತ್ತೋನ ಹತ್ರ ನೀನೇ ಮಾಫಿ ಇಸ್ಕೊಂಡೆ, ಅದೂ ಅವನದೇ ಬಾಯಲ್ಲಿ" ಎಂದಳು. "ನಾಳೆ ಫಾತಿಹಾ ಇಡ್ತೀನಿ. ಬಾ."

ತೀರಿಹೋದವನಿಗೆ ಫಾತಿಹಾ ಪ್ರಾರ್ಥನೆ ಓದಲು ಬರುವ ಗಂಡಸರಿಗೆ ಮರುದಿನ ಓಣಿಯಲ್ಲಿ ಡೇರೆ ಎದ್ದಿತು. ಕಹಿ ಕಾಫಿ ಕಾಯಿಸುವ ಕೆಲಸ ನನ್ನದು. ಹೆಂಗಸರೆಲ್ಲ ಒಳಗೆ ಅಂಗಳದಲ್ಲಿ, ನಡುವೆ ಒಂದು ಜೊಂಡಿನ ತಟ್ಟಿ. ಮೇಷ್ಟ್ರು ಬಂದರು. ಅವರ ಪಕ್ಕ ಯಾರೂ ಕೂರಲಿಲ್ಲ. ನೋಡಲಾರದೆ ನಾನೇ ಕಾಫಿಪಾತ್ರೆ ಕೆಳಗಿಟ್ಟು ಹೋಗಿ ಕೂತೆ. ತಿಸ್ವಾಹಿನ್ ಕುಂಕುಮ ಬಣ್ಣ ಕಳಚಿ ಒಳಗೂ ಕರಿಯದನ್ನೇ ಉಟ್ಟಿದ್ದಾಳೆ ಎಂದು ನನ್ನ ಹೆಂಡತಿ ಬಂದು ಪಿಸುಗುಟ್ಟಿ ಹೋದಳು.

ಅವಳ ದನಿ ಎದ್ದಿತು. ಇಷ್ಟು ವರ್ಷ ನುಂಗಿಟ್ಟದ್ದು ಈಗ ಹೊರಬೀಳುತ್ತದೆ, ಗಂಡನ ಬಾಯಲ್ಲಿ ಮಾತಾಡುತ್ತಾಳೆ ಎಂದು ಡೇರೆಯೆಲ್ಲ ಕಿವಿಯಾಯಿತು.

"ನಾನು ಲಫ್ತಾ" ಎಂದು ಹಾಡಿದಳು. "ಜೊಂಡಿನ ಮನೆಯ ಲಫ್ತಾ. ಒಂದೇ ದೋಣೀಲಿ ಉಂಡೋನು ಕರೆದ, ನಾನು ಓಗೊಡಲಿಲ್ಲ. ಊರಿಗೆ ಬಂದೆ, ಪಾಠ ಹೇಳಿದೆ, ಚಹಾ ಕುಡಿದೆ. ಬಂದೋನು ನಾನಲ್ಲ ಕಣ್ರವ್ವಾ. ನಾನು ಅಲ್ಲೇ, ಅವನ ಪಕ್ಕದಲ್ಲೇ ಬಿದ್ದೀನಿ."

ಒಳಗೆ ಹೆಂಗಸರು ಎದೆ ಬಡಿದುಕೊಳ್ಳುವುದು ಒಮ್ಮೆಲೇ ನಿಂತಿತು. ಗಂಡಸರು ಮುಖ ಮುಖ ನೋಡಿಕೊಂಡರು. ಬದುಕಿದ್ದವನನ್ನು ಅವನ ಕಣ್ಣೆದುರೇ ಮಣ್ಣಿಗೆ ಕೊಟ್ಟಿದ್ದಳು. ಅಳುವುದೋ ಸುಮ್ಮನಿರುವುದೋ ಯಾರಿಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಇದೇನನ್ನೂ ಅರಿಯದ ಪಕ್ಕದೂರಿನ ಮುದುಕನೊಬ್ಬ ಡೇರೆಯೊಳಗೆ ಬಂದು ಕೂತ. ಬಂದವರು ಹೇಳಲೇಬೇಕಾದಂತೆ, "ತೀರಿಕೊಂಡವರಿಗೆ ಫಾತಿಹಾ" ಎಂದ.

ಹಾಗೆಂದರೆ ಓದದಿರಲು ಬರುವುದಿಲ್ಲ. ಎಲ್ಲರ ಅಂಗೈಗಳೂ ಮೇಲೆದ್ದವು. ನನ್ನ ಪಕ್ಕದಲ್ಲಿ ಲಫ್ತಾ ಮೇಷ್ಟ್ರು ತಮ್ಮೆರಡೂ ಅಂಗೈ ಎತ್ತಿ ಹಿಡಿದು, ಜೌಗಿನವರು ಎಳೆದು ಓದುವ ಹಾಗೆ ಎಳೆದೆಳೆದು ಓದಿದರು. ಓದಿ ಮುಗಿಸಿ ಮುಖ ಸವರಿಕೊಂಡರು. ಯಾರಿಗಾಗಿ ಓದಿದಿರಿ ಎಂದು ನಾನು ಕೇಳಲಿಲ್ಲ.