ಕೊಸರಿನ ಗುಂಡು

ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ಕೂಕಟ್‌ಪಲ್ಲಿಯ ನಮ್ಮ ಎರಡು ಕೋಣೆಯ ಮನೆ ನೆನಪಾಗುತ್ತದೆ. ಕಿಟಕಿಯ ಬಿಸಿಲಿಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತ ಆಯಿ ಕಣ್ಣ ಮುಂದೆ ಬರುತ್ತಾಳೆ. ಆಯಿ ಎಂದರೆ ಅಪ್ಪನ ತಾಯಿ. ಕಲಬುರಗಿ ಕಡೆಯ ಹಳ್ಳಿಯಿಂದ ಬರುವಾಗ ಬಟ್ಟೆಯ ಗಂಟಿನ ಜೊತೆ ಆ ಮೊರವನ್ನೂ ಬಸ್ಸಿನಲ್ಲಿ ತಂದಿದ್ದಳು. ಆ ತೆಲುಗು ನಗರದಲ್ಲಿ ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ಮಣಿಕೊಂಡದ ಆಚೆ ಏಳುತ್ತಿದ್ದ ಗಾಜಿನ ಕಟ್ಟಡಗಳಿಗೆ ಅಪ್ಪ ಸಿಮೆಂಟ್ ಕಳಿಸುವ ಕೆಲಸದಲ್ಲಿದ್ದ; ಸಂಜೆ ಬಂದರೆ ಅವನ ರೆಪ್ಪೆಯ ಮೇಲೂ ಬೂದು ಧೂಳು. ಓಣಿಯ ಮಕ್ಕಳೆಲ್ಲ ಕಂಪ್ಯೂಟರ್ ಕ್ಲಾಸಿಗೆ ಹೋಗುವಾಗ, ಒಂಬತ್ತನೆಯ ಕ್ಲಾಸಿನ ನಾನೊಬ್ಬಳು ಶಾಲೆಯ ಏರ್‌ರೈಫಲ್ ಹಿಡಿದುಕೊಂಡಿದ್ದೆ.

ಕಲಿಸುತ್ತಿದ್ದ ಸರ್ ಮಿಲಿಟರಿಯಿಂದ ನಿವೃತ್ತರಾದವರು. ರೈಫಲ್ಲಿಗೆ ಹಾಕುವ ಪುಟಾಣಿ ಸೀಸದ ಗುಂಡಿನ ಮೈಗೆ ಬಿಳಿ ಪುಡಿ ಕಟ್ಟಿದ್ದರೆ, ಗೀರು ಬಿದ್ದಿದ್ದರೆ, ಅಂಚು ನಜ್ಜಾಗಿದ್ದರೆ, ಎಷ್ಟು ಉಸಿರು ಬಿಗಿಹಿಡಿದರೂ ಗುರಿ ತಪ್ಪುತ್ತದೆ ಎನ್ನುತ್ತಿದ್ದರು. ಒಳ್ಳೆಯವನ್ನು ಆರಿಸಿ, ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿದ ಬಟ್ಟೆಯಲ್ಲಿ ಉರುಳಿಸಿ ಇಡಬೇಕಿತ್ತು. ನನಗೆಲ್ಲಿಯ ತಾಳ್ಮೆ! ಜೋಳದಲ್ಲಿ ಕಲ್ಲು ಆರಿಸಿಯೇ ಮುದುಕಿಯಾದ ಆಯಿ ಗುಂಡಿನ ಡಬ್ಬಿ ಕಸಿದುಕೊಂಡಳು. ಒಂದೊಂದನ್ನೂ ಉಗುರಿನ ಮೇಲೆ ತಿರುಗಿಸಿ ನೋಡಿ, ಒಳ್ಳೆಯದು ಇತ್ತ, ಕೆಟ್ಟದ್ದು ಅತ್ತ. ಅವಳು ಆರಿಸಿಕೊಟ್ಟವು ಒಂದೇ ತೂತಿನ ಸುತ್ತ ಹೋಗಿ ಕೂರುತ್ತಿದ್ದವು, ಸರ್‌ಗೂ ಅಚ್ಚರಿ.

ರಾಜ್ಯ ತಂಡದ ಆಯ್ಕೆಗೆ ಎರಡೇ ದಿನ ಇತ್ತು. ಶಾಲೆಯಿಂದ ಬಂದು ನೋಡಿದರೆ ಆರಿಸಿಟ್ಟ ಗುಂಡುಗಳೆಲ್ಲ ಬೆಳ್ಳಿಯ ಹಾಗೆ ಫಳಫಳ. ದೊಡ್ಡ ದಿನ ಬಂತೆಂದರೆ ದೀಪದ ಸಮೆಯಿಂದ ತಂಬಿಗೆಯವರೆಗೆ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ಆಯಿಯ ರೂಢಿ, ಇವನ್ನೂ ಬಿಟ್ಟಿರಲಿಲ್ಲ. ಮರುದಿನ ಸರ್ ಎದುರು ಹತ್ತು ಹಾರಿಸಿದೆ. ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಬೂದಿ ಅವುಗಳ ತೆಳು ಅಂಚನ್ನೇ ಸವೆಸಿಬಿಟ್ಟಿತ್ತು. ಹೊಸ ಡಬ್ಬಿ ದೆಹಲಿಯಿಂದ ಬರಲು ವಾರ ಬೇಕಿತ್ತು. ಮಧ್ಯಾಹ್ನವೇ ಮನೆಗೆ ಓಡಿಬಂದು, ನನ್ನ ಸಾಮಾನು ಮುಟ್ಟಬೇಡ ಎಂದು ಆಯಿಯ ಮೇಲೆ ಕೂಗಾಡಿ ಅತ್ತೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಯಿ ತಾನೇ ಬೇಡವೆಂದು ತೆಗೆದಿಟ್ಟಿದ್ದ ಗುಂಡುಗಳನ್ನು ಮೊರಕ್ಕೆ ಸುರಿದುಕೊಂಡು ಮತ್ತೆ ಆರಿಸಲು ಕೂತಳು. ಕಣ್ಣನ್ನಷ್ಟೇ ನಂಬದೆ ಒಂದೊಂದರ ಅಂಚನ್ನೂ ಬೆರಳ ತುದಿಯಿಂದ ಸವರುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಾನೂ ಮುನಿಸು ಬಿಟ್ಟು ಎಣ್ಣೆಬಟ್ಟೆ ಹಿಡಿದು ಪಕ್ಕದಲ್ಲಿ ಕೂತೆ. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಬೇಕಾದ ಐವತ್ತು ಸಿಕ್ಕವು. ಸಂತೆಯಲ್ಲಿ ಅಳೆದು ಕೊಟ್ಟ ಮೇಲೆ ಇನ್ನೊಂದು ಹಿಡಿ ಹಾಕುವವಳ ಹಾಗೆ ಆಯಿ ಮತ್ತೊಂದನ್ನು ನನ್ನ ಅಂಗೈಯಲ್ಲಿಟ್ಟಳು.

"ಇದು ಕೊಸರು, ತಂಗಿ. ಹೊಳಪಿದ್ರ ಛಲೋ ಅಂತ ತಿಳದಿದ್ದೆ ನಾ. ಇದರ ರೀತಿನ ಬ್ಯಾರೆ ಐತಿ."

ನಾಲ್ವರ ತಂಡಕ್ಕೆ ನಾಲ್ಕನೆಯವಳಾಗಿ ಆಯ್ಕೆಯಾದೆ. ಅಪ್ಪ ಜಿಲೇಬಿ ತಂದ. ಆಯಿ ಕೇಳಿದ್ದು ಒಂದೇ, "ಎಲ್ಲಾ ನೆಟ್ಟಗ ಹೋದ್ವೇನು?" ಎರಡು ಹೋಗಿರಲಿಲ್ಲ. ಎಲ್ಲವೂ ಹೋದವು ಎಂದೆ. ಅವಳ ಮುಖ ಅರಳಿದ್ದು ನೋಡಿ ನನಗೆ ಆಯ್ಕೆಗಿಂತ ಹೆಚ್ಚು ಖುಷಿಯಾಯಿತು.

ಆ ಮನೆ ಇದ್ದಲ್ಲಿ ಈಗ ಸಾಲು ಮೊಬೈಲ್ ಅಂಗಡಿಗಳು. ಆಯಿ ಹೋಗಿ ಬಹಳ ವರ್ಷವಾಯಿತು, ನನ್ನ ಕೈಯ ರೈಫಲ್ಲೂ ಬಿಟ್ಟುಹೋಯಿತು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ಅವರದೊಂದು ಸಾಮಾನು ನಿಮ್ಮಲ್ಲೂ ಉಳಿದಿರಬೇಕು. ನನ್ನಲ್ಲಿ ಹಾರಿಸದೆ ಉಳಿಸಿಕೊಂಡ ಆ ಕೊಸರಿನ ಗುಂಡಿದೆ. ಮಳೆಗಾಲದಲ್ಲಿ ಅದರ ಮೈಗೆ ಬಿಳಿ ಪುಡಿ ಕಟ್ಟುತ್ತದೆ, ಎಣ್ಣೆಬಟ್ಟೆಯಲ್ಲಿ ಉರುಳಿಸಿ ಇಡುತ್ತೇನೆ. ಆಗೆಲ್ಲ ಆಯಿಯ ಹಾಗೆಯೇ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತೇನೆ. ಬೆರಳು ಎಲ್ಲೂ ತಡೆಯುವುದಿಲ್ಲ. ಇದ್ದುದರಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಅವಳು ಕೊಸರಿಗೆ ತೆಗೆದಿಟ್ಟಿದ್ದಳು.